ಹಿಂದಿನ ದೀಪದೊಳಗೆ ಮಳೆಗಾಲ

ತೀರ್ಥಹಳ್ಳಿಯ ಮೇಷ್ಟ್ರೊಬ್ಬರ ಹಳೆಯ ಮಾರುತಿ 800ರ ಬಲಗಡೆಯ ಹಿಂದಿನ ದೀಪ ಒಡೆಯಿತು. ಕಂಪನಿಯದಕ್ಕೆ ಅಷ್ಟು ದುಡ್ಡೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಡೂಪ್ಲಿಕೇಟ್ ತರಿಸಿದರು. ಅದೇ ಕೆಂಪು, ಅದೇ ಅಳತೆ. ಆಷಾಢದ ಮಳೆ ಹಿಡಿದದ್ದೇ ತಡ, ಒಳಗೆಲ್ಲ ಹಬೆ! ಮೇಷ್ಟ್ರು ತಳದ ಸಣ್ಣ ತೂತನ್ನೂ ಬಿಡದೆ ಸಿಲಿಕೋನ್ ಮೆತ್ತಿದರು. ವಾರದೊಳಗೆ ದೀಪದಲ್ಲಿ ನೀರೇ ನಿಂತಿತು.

"ಅಪ್ಪಯ್ಯಾ, ಆ ತೂತು ಇರಲೇಬೇಕು" ಎಂದಳು ಪಿ.ಯು.ಸಿ. ಓದುವ ಮಗಳು. ದೀಪ ಉರಿದಾಗ ಒಳಗಿನ ಗಾಳಿ ಕಾದು ಹಿಗ್ಗಿ ಹೊರಹೋಗುತ್ತದೆ. ಆರಿದಾಗ ಕುಗ್ಗಿ ಹೊರಗಿನ ತೇವವನ್ನು ಒಳಗೆಳೆಯುತ್ತದೆ. ತಣ್ಣನೆಯ ಪ್ಲಾಸ್ಟಿಕ್ಕಿಗೆ ತಾಗಿದ ಆವಿ ಹನಿಯಾಗುತ್ತದೆ. ಪಾಠದಲ್ಲಿ ಬಾಯಿಪಾಠ ಮಾಡಿಸುವ ಇಬ್ಬನಿ ಬಿಂದು ಇದೇ ತಾನೆ! ತೆಳು ಮಂಜಾದರೆ ದೀಪ ಉರಿಸಿದ ಮೇಲೆ ತಾನಾಗಿ ಹೋಗುತ್ತದೆ. ನೀರು ನಿಂತರೆ ಮಾತ್ರ ಎಲ್ಲೋ ಸೋರುತ್ತಿದೆ ಎಂದರ್ಥ.

ಬಿಚ್ಚಿ ನೋಡಿದರೆ ಬಲ್ಬಿನ ಹೋಲ್ಡರಿಗೆ ಹಸಿರು ಕಿಲುಬು. ಬ್ರೇಕ್ ಒತ್ತಿದರೂ ಬಲಗಡೆ ಕತ್ತಲೆ. ಮೇಷ್ಟ್ರು ಉಡುಪಿಗೆ ಹೋಗುವುದು ಇದೇ ಕಾರಿನಲ್ಲಿ, ಆಗುಂಬೆ ಘಾಟಿಯ 14 ತಿರುವುಗಳಲ್ಲಿ, ಆ ಮಂಜಿನಲ್ಲಿ, ಬೆನ್ನಿಗೇ ಬಸ್ಸು! ಮಗಳು ಮಾತಾಡಲಿಲ್ಲ.

ದೀಪವನ್ನು ಬೆಚ್ಚನೆಯ ಒಲೆಕಟ್ಟೆಯ ಮೇಲೆ ರಾತ್ರಿಯಿಡೀ ಒಣಗಿಸಿದರು (ಉರಿಗೆ ಹಿಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ). ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿದರು. ಹಳೆಯ ಸಿಲಿಕೋನ್ ಕೆರೆದು, ಕೆಂಪು ಮುಚ್ಚಳ ಬುಡಕ್ಕೆ ಕೂಡುವ ಸಂದಿಗೆ ಮಾತ್ರ ಹೊಸದು ಹಚ್ಚಿದರು; ತಳದ ತೂತು ತೆರೆದೇ ಇತ್ತು. ಒಂದು ದಿನ ಬಿಟ್ಟು ಚೊಂಬುಗಟ್ಟಲೆ ನೀರು ಸುರಿದರು. ಒಳಗೆ ಒಂದು ಹನಿಯೂ ಇಲ್ಲ.

ಈಗ ಘಾಟಿಗೆ ಹೊರಡುವ ಮುನ್ನ ಮಗಳು ಕಾರಿನ ಹಿಂದೆ ನಿಂತು "ಒತ್ತಿ" ಎನ್ನುತ್ತಾಳೆ.