ಮದರಂಗಿಯ ಸಂಜೆ

ಇಂಡಿ ತಾಲ್ಲೂಕಿನ ತಾಂಬಾ ಗ್ರಾಮದ ಒಂದು ಮನೆಯ ಮುಂದೆ ಹಂದರ ಏರಿತ್ತು. ಸೊಲ್ಲಾಪುರದಿಂದ ಗಾಡಿಯಲ್ಲಿ ಹೊರಟು, ಇಂಡಿ ರೋಡ್ ನಿಲ್ದಾಣದಲ್ಲಿಳಿದು, ಬಸ್ಸು ಹಿಡಿದು ಬಂದಿದ್ದ ಮದುಮಗಳ ಸೋದರತ್ತೆಯು ಕೈಚೀಲವನ್ನು ಇಟ್ಟವಳೇ ಅಡಿಗೆಮನೆಯನ್ನು ಸೇರಿಬಿಟ್ಟಳು. ಪತಿಯನ್ನು ಕಳೆದುಕೊಂಡ ಆರು ವರ್ಷಗಳಲ್ಲಿ ಬಂಧುಗಳ ಮದುವೆಗಳಲ್ಲೆಲ್ಲ ಆಕೆಯ ಸ್ಥಾನ ಅದೇ ಆಗಿತ್ತು. ಒಳಗೆ ಹೋಗೆಂದವರಾರೂ ಇಲ್ಲ. ಹೊರಗೆ ಬಾರೆಂದವರೂ ಇಲ್ಲ.

ಈ ಸೀಮೆಯ ಮದುವೆಗಳಲ್ಲಿ ದೊಡ್ಡ ಸಂಭ್ರಮವೆಂದರೆ ಅರಿಷಿಣ ಹಚ್ಚುವುದು, ಸುರಗಿ ಸುತ್ತುವುದು. ನಾಲ್ಕು ಮೂಲೆಗೆ ತಂಬಿಗೆಗಳನ್ನಿಟ್ಟು, ನೂಲು ಸುತ್ತಿ, ನಡುವೆ ಕುಳ್ಳಿರಿಸಿ ನೀರೆರೆಯುತ್ತಾರೆ. ಮದರಂಗಿಗೆ ಪ್ರತ್ಯೇಕ ಸಮಾರಂಭವೆಂಬುದು ಅಷ್ಟಾಗಿ ಇರಲಿಲ್ಲ. ಹಸಿ ಸೊಪ್ಪನ್ನು ಅರೆದು, ಅಂಗೈಯ ನಡುವೆ ಒಂದು ದುಂಡು ಚುಕ್ಕೆ, ಬೆರಳ ತುದಿಗಳಿಗಿಷ್ಟು, ಅಲ್ಲಿಗೆ ಮುಗಿಯಿತು. ಇತ್ತೀಚೆಗೆ ಚಲನಚಿತ್ರಗಳನ್ನು ನೋಡಿ ನೋಡಿ ಅದಕ್ಕಾಗಿ ಒಂದು ಸಂಜೆಯೇ ಮೀಸಲಾಗುತ್ತಿದೆ.

ಪುಡಿ ರಾಜಸ್ಥಾನದ ಸೋಜತ್‌ನದು. ಆ ಊರಿನ ಮದರಂಗಿ 2021ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯನ್ನೂ ಪಡೆದಿದೆ. ನಿಂಬೆಹಣ್ಣಿಗೆ ಮಾತ್ರ ಇಂಡಿಯವರು ಬೇರೆಯವರನ್ನು ಕೇಳಬೇಕೇ! ಎಲೆಯೊಳಗಿನ ಲಾಸೋನ್ ಎಂಬ ವರ್ಣದ್ರವ್ಯವು ಹುಳಿಯ ಸಂಗದಿಂದ ಮೆಲ್ಲಗೆ ಬಿಡುಗಡೆಯಾಗಿ ಚರ್ಮಕ್ಕೆ ಹಿಡಿಯುತ್ತದೆ. ತೊಳೆದ ಕೂಡಲೆ ಕಿತ್ತಳೆಯಾಗಿದ್ದುದು ಎರಡು ದಿನಗಳಲ್ಲಿ ಕೆಂಗಂದಾಗಿ ಮಾಗುತ್ತದೆ. ಕೂಡಲೆ ಕಪ್ಪೇರುವ ಮದರಂಗಿಯನ್ನು ಯಾರೋ ಪೇಟೆಯಿಂದ ತಂದಿದ್ದರು. ಅದರಲ್ಲಿ ಬೆರೆಸುವ ಕೂದಲ ಬಣ್ಣದ ರಸಾಯನದಿಂದ ಕೈ ಬೊಬ್ಬೆಯೇಳುವುದುಂಟೆಂದು ದಾದಿಯ ಕೆಲಸದಲ್ಲಿದ್ದ ಗೆಳತಿಯೊಬ್ಬಳು ಅದನ್ನು ಬದಿಗಿರಿಸಿದಳು.

ನಿಂಬೆ ಹಿಂಡಿ ಪುಡಿ ಕಲಸಿದವಳು ಸೋದರತ್ತೆಯೇ. ಆಕೆಯಷ್ಟು ಹದವರಿತವರು ಮನೆಯಲ್ಲಿರಲಿಲ್ಲ. ಆದರೆ ಬೆರಳಿಗೆ ಬಣ್ಣ ಹತ್ತದಂತೆ ಚಮಚದಿಂದಲೇ ಕಲಸಿದ್ದಳು.

ಮದುಮಗಳು ಅದನ್ನು ನೋಡಿದ್ದಳೆಂದು ಕಾಣುತ್ತದೆ. ಹಸೆಯ ಮೇಲೆ ಕುಳಿತವಳು ಕರೆದಳು: “ಅತ್ತಿ, ಹೊರಗ ಬರ್ರಿ. ಮೊದಲ ನೀವು ಕೈ ಚಾಚ್ರಿ.”

“ನನಗ್ಯಾಕವ್ವಾ? ಮಂದಿ ಏನಂದಾರು!”

“ಮಂದಿ ಅಂದ್ರ ಯಾರ್ರಿ? ಇಲ್ಲಿ ಕೂತವ್ರೆಲ್ಲ ನಿಮ್ಮ ಮಂದೀನ ಅಲ್ಲೇನು? ನೀವು ಕೈ ಚಾಚೂತನಕ ನಾನೂ ಚಾಚಂಗಿಲ್ಲ.”

ಹಾಡು ನಿಂತಿತು. “ಶುಭಕಾರ್ಯದಾಗ...” ಎಂದು ಆರಂಭಿಸಿದವಳು ಮನೆಯ ಹಿರಿಯ ಮುದುಕಿ, ಸೋದರತ್ತೆಯ ಹೆತ್ತ ತಾಯಿ. ಆಕೆಯೂ ಮೂವತ್ತು ವರ್ಷಗಳಿಂದ ಬರಿಗೈಯವಳೇ. ಬಸವನ ಬಾಗೇವಾಡಿ ಇರುವುದು ಇದೇ ಜಿಲ್ಲೆಯಲ್ಲಿ. ಹುಟ್ಟುಸಾವುಗಳ ಸೂತಕವನ್ನೇ ಅಲ್ಲಗಳೆದ ಶರಣರ ನಾಡಿನಲ್ಲಿ ಈ ಕೈಗಳಿಗೆ ಸೂತಕವನ್ನಂಟಿಸಿದವರು ಯಾರೋ!

ಮುದುಕಿ ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ, ಯಾರ ಮುಖವನ್ನೂ ನೋಡದೆ, “ರಾತ್ರಿ ಆತು, ಲಗೂ ಹಚ್ರಿ” ಎಂದಳು.

ಸೋದರತ್ತೆ ಎಡಗೈಯನ್ನಷ್ಟೇ ಚಾಚಿದಳು. ಬಳ್ಳಿ, ನವಿಲು ಯಾವುದೂ ಬೇಡವೆಂದಳು. ನಡುವೆ ಒಂದು ದುಂಡು ಚುಕ್ಕೆ ಸಾಕು.

ಮದುವೆ ಮುಗಿಸಿ ಮರಳುವಾಗ ಆ ಚುಕ್ಕೆ ಚೆನ್ನಾಗಿ ಮಾಗಿತ್ತು. ಗಾಡಿಯಲ್ಲಿ ಟಿಕೀಟು ತೆಗೆಯುವಾಗ ಎದುರಿನಾಕೆ ಅದನ್ನು ಕಂಡು, “ಯಾರ ಮದುವೀರಿ?” ಎಂದು ಕೇಳಿದಳು.

ಮುಚ್ಚುತ್ತಿದ್ದ ಮುಷ್ಟಿ ಅಲ್ಲಿಯೇ ತಡೆಯಿತು. “ನಮ್ಮ ಹುಡುಗೀದರಿ” ಎಂದಳು.