ಸೋವಿ ಬದುಕು, ದುಬಾರಿ ಸರಕು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದಾದರೂ ಮಾಂಸದಂಗಡಿಯ ಬೋರ್ಡಿನಲ್ಲಿ 'ಬನ್ನೂರು ಕುರಿ' ಎಂದಿರುತ್ತದೆ. ಆ ಬೋರ್ಡುಗಳನ್ನೆಲ್ಲ ನಂಬಿದರೆ ಬನ್ನೂರಿನಲ್ಲಿ ಮನುಷ್ಯರು ಕಾಲಿಡಲು ಜಾಗವಿರಬಾರದು. ಮೈಸೂರಿನಿಂದ ಸುಮಾರು 25 ಕಿ.ಮೀ. ಬಂದು, ಕಾವೇರಿ ದಾಟಿ ಊರಿಗಿಳಿದರೆ ಕಣ್ಣಿಗೆ ಬೀಳುವುದು ಭತ್ತ, ಕಬ್ಬು, ತೆಂಗು. ಕುರಿಯ ಮಂದೆ ಎಲ್ಲೂ ಇಲ್ಲ! ಹಟ್ಟಿಯ ಬೀದಿಗಳಿಗೆ ನುಗ್ಗಿದ ಮೇಲೆ ಗೊತ್ತಾಯಿತು: ಅವು ಮನೆ ಮುಂದಿನ ಗೂಟದಲ್ಲಿವೆ, ಎರಡೋ ಮೂರೋ.

ಒಂದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಕೊಂಬಿಲ್ಲ. ಮೈ ಬಿಳಿ, ಮುಖ ಮಾತ್ರ ಕಂದು. ಕುಳ್ಳು ಕಾಲು, ಅಗಲ ಎದೆ. ಹಿಂದಿನಿಂದ ನೋಡಿದರೆ ತೊಡೆಗಳೆರಡೂ ಸೇರಿ ಬೋರಲು ನಿಲ್ಲಿಸಿದ ಲಾಳದ ಹಾಗೆ ಕಾಣುತ್ತವೆ. ತಳಿ ಶುದ್ಧವೇ ಎಂದು ತಿಳಿದವರು ಮೊದಲು ನೋಡುವುದೂ ಅಲ್ಲಿಗೇ. ಕೊಬ್ಬು ಮಾಂಸದ ಎಳೆಗಳ ನಡುವೆಯೇ ಹರಡಿಕೊಳ್ಳುವುದರಿಂದ ಬೆಂದಾಗ ಬಾಯಲ್ಲಿ ಕರಗುತ್ತದೆ, ಬೆಲೆ ಏರುವುದೂ ಅದಕ್ಕೇ.

ಗದ್ದೆ ಬದುವಿನಿಂದ ಹುಲ್ಲಿನ ಹೊರೆ ಹೊತ್ತು ಬಂದ ಮನೆಯೊಡತಿ ಕೇಳಿದರು: "ಸಾಕಕ್ಕೆ ತಗಂಡೋಯ್ತೀರಾ ಸಾ, ಕುಯ್ಯಕ್ಕಾ?"

"ಸುಮ್ನೆ ನೋಡೋಕೆ ಬಂದೆ ಕಣಮ್ಮ."

"ನೋಡಕ್ಕೆ ಕಾಸಿಲ್ಲ, ನೋಡ್ಕಳಿ."

ಹಬ್ಬಕ್ಕೆ ಇದನ್ನೇ ಕುಯ್ಯುತ್ತೀರಾ ಎಂದರೆ ನಕ್ಕುಬಿಟ್ಟರು. "ಇದ ತಿಂದ್ಕಂಡ್ರೆ ಮಗ್ಳು ಫೀಸು ಯಾರ್ ಕಟ್ಟಾರು? ನಮ್ಗೆ ಕೋಳಿ ಸಾಕು."

ನನಗೆ ಬೆರಗು ಹುಟ್ಟಿಸಿದ್ದು ಈ ಲೆಕ್ಕ. ಬದುವಿನ ಹುಲ್ಲಿಗೆ ಬೆಲೆಯಿಲ್ಲ, ಅದನ್ನು ಕೊಯ್ದು ತರುವ ಕೂಲಿಯನ್ನು ಯಾರೂ ಬರೆದಿಡುವುದಿಲ್ಲ. ಅದನ್ನು ಮೇಯ್ದ ಕುರಿ ಮಾತ್ರ ಬೆಂಗಳೂರಿನಲ್ಲಿ ದುಬಾರಿ. ಮುದ್ದೆ, ಬಸ್ಸಾರಿನ ಊಟ ಇಲ್ಲಿ ಸೋವಿ, ಮನೆ ಬಾಡಿಗೆ ಮೈಸೂರಿನ ಮುಂದೆ ಏನೂ ಅಲ್ಲ. 2023ರ ಜೂನ್‌ನಿಂದ ಹೆಂಗಸರಿಗೆ ಕೆಂಪು ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಆದರೆ ಸೋವಿ ಎನ್ನುವುದು ಪೇಟೆಯ ಸಂಬಳ ಜೇಬಿನಲ್ಲಿಟ್ಟುಕೊಂಡು ಬಂದ ನನ್ನಂಥವನ ಮಾತು. ಕಬ್ಬು ಕಡಿಯಲು ಹೋಗುವವರನ್ನು ಕೇಳಿದರೆ ಬೇರೆಯೇ ಹೇಳಿಯಾರು.

ಈ ಸೀಮೆಗೆ ಒಳ್ಳೆಯದನ್ನೆಲ್ಲ ಹೊರಗೆ ಕಳಿಸುವುದೇ ಅಭ್ಯಾಸವೇನೋ. ತಾಲ್ಲೂಕು ಕೇಂದ್ರ ತಿ. ನರಸೀಪುರದ ಸರ್ಕಾರಿ ಕಾರ್ಖಾನೆಯಲ್ಲಿ ಬಿಸಿನೀರಿನಲ್ಲಿರುವ ರೇಷ್ಮೆಗೂಡಿನಿಂದ ನೂಲು ಬಿಚ್ಚುತ್ತಾರೆ. ಸೀರೆ ನೇಯುವುದು ಮೈಸೂರಿನಲ್ಲಿ, ಹೆಸರೂ ಮೈಸೂರಿನದೇ. ಕೃಷ್ಣದೇವರಾಯನಿಗೆ ಗುರುವೆನಿಸಿದ ವ್ಯಾಸತೀರ್ಥರು ಹುಟ್ಟಿದ್ದೂ ಬನ್ನೂರಿನಲ್ಲಿ, ಹೆಸರಾದದ್ದು ವಿಜಯನಗರದಲ್ಲಿ.

ಹೊರಗೆ ಹೋಗದೆ ನಿಂತದ್ದು ಸೋಮನಾಥಪುರದ ಕೇಶವ ಗುಡಿ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ್ದು. ಬಾಗಿಲ ಬಳಿಯ ಎತ್ತರದ ಶಾಸನದ ಎದುರು ಜನ ನಿಲ್ಲುವುದೇ ಇಲ್ಲ, ಸೀದಾ ಒಳಗೆ ನಡೆಯುತ್ತಾರೆ. ಗುಡಿಗೆ ಬಿಟ್ಟ ದತ್ತಿಯ ವಿವರ ಇರುವುದು ಆ ಕಲ್ಲಿನಲ್ಲಿ: ಇಷ್ಟೊಂದು ಬಳಪದ ಕಲ್ಲಿನ ಕುಸುರಿಯ ಹಿಂದೆ ಯಾರದೋ ಗದ್ದೆಯ ಹುಟ್ಟುವಳಿಯಿದೆ. ಹೊರಗೋಡೆಯ ಒಂದೊಂದು ಆನೆಯೂ ಬೇರೆ, ಸೊಂಡಿಲು ಬಳುಕುವ ಬಗೆಯೂ ಬೇರೆ. ಎಷ್ಟೋ ಶಿಲ್ಪಗಳ ಕೆಳಗೆ ಮಲ್ಲಿತಮ್ಮ ತನ್ನ ಹೆಸರು ಕೆತ್ತಿಕೊಂಡಿದ್ದಾನೆ. ಹಣ ಕೊಟ್ಟವನ ಜೊತೆ ಕೆಲಸಗಾರನ ಹೆಸರೂ ಉಳಿದದ್ದು ನನಗೆ ಯುನೆಸ್ಕೊ 2023ರಲ್ಲಿ ಕೊಟ್ಟ ಮನ್ನಣೆಗಿಂತ ದೊಡ್ಡದಾಗಿ ಕಂಡಿತು. ಗರ್ಭಗುಡಿಯ ಮೂಲ ಕೇಶವ ಮಾತ್ರ ಇಲ್ಲ.

ಅಲ್ಲಿಂದ ತಿರುಮಕೂಡಲಿಗೆ ಬಂದರೆ ಕಪಿಲೆ ಕಾವೇರಿಗೆ ಸೇರುವ ಜಾಗ. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ. ಕಳೆದ ಸಲದ್ದು 2025ರ ಫೆಬ್ರವರಿಯಲ್ಲಿ. ಹೊಳೆಯ ಅಗಲ ನೋಡಬೇಕೆಂದರೆ ಮೇಳ ಬಿಟ್ಟು ಮಳೆಗಾಲ ಮುಗಿಯುವ ಹೊತ್ತಿಗೆ ಬನ್ನಿ. ನೀರಿಗೆ ಮಾತ್ರ ಇಳಿಯಬೇಡಿ, ಸೆಳೆತ ಜೋರಿರುತ್ತದೆ.