ಮಾವನ ಮಿಕ್ಸರು, ದುರ್ಯೋಧನನ ಮಾತು

ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆ ಸುಗ್ಗಿ ಮುಗೀತು ಅಂದ್ರೆ ಊರೂರಲ್ಲಿ ನಾಟಕ ಶುರು. ತಿಂಗಳುಗಟ್ಟಲೆ ಹಾರ್ಮೋನಿಯಂ ಮಾಸ್ತರರ ಮುಂದೆ ತಾಲೀಮು ಮಾಡಿ, ಪಾತ್ರಕ್ಕೆ ಇಷ್ಟು ಅಂತ ತಾವೇ ದುಡ್ಡು ಹಾಕಿ, ವರ್ಷಕ್ಕೊಂದು ರಾತ್ರಿ ಬಣ್ಣ ಹಚ್ಚೋ ರೈತರು, ಲಾರಿ ಡ್ರೈವರುಗಳು, ಕಿರಾಣಿ ಅಂಗಡಿಯವರೇ ಇಲ್ಲಿನ ಕಲಾವಿದರು. ಆ ಒಂದು ರಾತ್ರಿಯ ಮರ್ಯಾದೆ ನಿಂತಿರೋದು ಸ್ಟೇಜಿನ ಪಕ್ಕದ ಟೇಬಲ್ ಮೇಲಿರೋ ಮಿಕ್ಸರ್ ಮೇಲೆ. ಚೆನ್ನಾಗಿದ್ದಾಗ ಅದರ ಕಡೆ ಯಾರೂ ನೋಡಲ್ಲ. ಕೆಟ್ಟಾಗ ಇಡೀ ಊರು ತಿರುಗಿ ನೋಡುತ್ತೆ.

ನನ್ನ ಸೋದರಮಾವನದು ಸೌಂಡ್ ಸರ್ವೀಸ್. ಎರಡು ವರ್ಷದ ಹಿಂದೆ, ಕೊಟ್ಟೂರೇಶ್ವರನ ತೇರಿಗೆ ಇನ್ನೂ ಹತ್ತು ದಿನ ಇರುವಾಗ, ರಜೆ ಹಾಕಿ ಬೆಂಗಳೂರಿಂದ ಊರಿಗೆ ಬಂದಿದ್ದೆ. ಮಾವ ಮಿಕ್ಸರನ್ನು ಪಡಸಾಲೆಯಲ್ಲಿ ಇಟ್ಟುಕೊಂಡು ಕೂತಿದ್ದರು.

"ಈಕ್ವಲೈಜರ್ ಹೋಗೈತಿ ನೋಡಪ ಅಳಿಯಾ. ಮೂರನೇ ಚಾನೆಲ್‌ನಾಗ ಬಾಸ್ ತಿರುವಿದ್ರ ಖರ್ ಖರ್ ಅಂತೈತಿ. ನಡುವಿನ ನಾಬ್ ಎಷ್ಟ್ ತಿರುವಿದ್ರೂ ಸತ್ತಂಗೈತಿ."

ಮೂರನೇ ಚಾನೆಲ್ ಅಂದ್ರೆ ಸ್ಟೇಜಿನ ನಟ್ಟನಡುವೆ ಇಳಿಬಿಟ್ಟ ಮೈಕು. ದುರ್ಯೋಧನ ನಿಲ್ಲೋ ಜಾಗ. ಹಿಂದಿನ ವಾರದ ನಾಟಕದಲ್ಲಿ ಅವನ ಮಾತು ಹಾರ್ಮೋನಿಯಂ ಕೆಳಗೆ ಮುಳುಗಿಹೋಗಿ, ನಾಟಕದವರು ಮಾವನಿಗೆ ಅರ್ಧ ಬಾಡಿಗೆ ಕೊಟ್ಟು ಕಳಿಸಿದ್ದರು. ತೇರಿನ ಹೊತ್ತಿಗೆ ಇನ್ನೂ ನಾಲ್ಕು ನಾಟಕ ಒಪ್ಪಿಕೊಂಡಾಗಿತ್ತು. ಹೊಸ ಮಿಕ್ಸರ್ ತರೋಕೆ ಮಾವ ಬಡ್ಡಿ ಸಾಲವನ್ನೂ ಮಾತಾಡಿ ಬಂದಿದ್ದರು. "ಎರಡು ದಿನ ಟೈಮ್ ಕೊಡಿ ಮಾವ" ಅಂದೆ.

ಸಣ್ಣ ಮಿಕ್ಸರ್‌ಗಳಲ್ಲಿ ಒಂದೊಂದು ಚಾನೆಲ್‌ಗೆ ಸಾಮಾನ್ಯವಾಗಿ ಮೂರು ಈಕ್ಯೂ ನಾಬ್ ಇರ್ತವೆ. ಲೋ ಅನ್ನೋದು 80ರಿಂದ 100 ಹರ್ಟ್ಸ್ ಸುತ್ತಿನ ದಪ್ಪ ಸದ್ದಿಗೆ, ಹೈ ಅನ್ನೋದು 10-12 ಸಾವಿರ ಹರ್ಟ್ಸ್ ಸುತ್ತಿನ ಚುರುಕು ಸದ್ದಿಗೆ. ನಡುವಿನ ಮಿಡ್ ಹೆಚ್ಚಾಗಿ 2,500 ಹರ್ಟ್ಸ್ ಸುತ್ತ. ಮಾತಿಗೆ ಮುಖ್ಯವಾದದ್ದು ಈ ನಡುವಿನದೇ. ವ್ಯಂಜನಗಳು ಬಿಡಿಬಿಡಿಯಾಗಿ ಕೇಳೋದು ಬಹುಪಾಲು 2ರಿಂದ 4 ಸಾವಿರ ಹರ್ಟ್ಸ್ ನಡುವೆ. ಅದು ಕಮ್ಮಿಯಾದ್ರೆ ದನಿ ಕೇಳುತ್ತೆ, ಮಾತು ಅರ್ಥ ಆಗಲ್ಲ. ಅದಕ್ಕೇ ನಾಟಕ ಅಂದ್ರೆ ಮಾವ ಮೊದಲು ಮುಟ್ಟೋದು ಆ ನಾಬನ್ನು.

ಈ ಬಗೆಯ ಟೋನ್ ಕಂಟ್ರೋಲ್ ಸರ್ಕ್ಯೂಟಿನ ಮೂಲ ವಿನ್ಯಾಸವನ್ನು ಪೀಟರ್ ಬ್ಯಾಕ್ಸಂಡಾಲ್ ಅನ್ನೋ ಇಂಗ್ಲಿಷ್ ಎಂಜಿನಿಯರ್ 1952ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಕೆಲವು ರೆಸಿಸ್ಟರ್, ಕೆಪಾಸಿಟರ್, ಒಂದು ಆಂಪ್ಲಿಫೈಯರ್, ತಿರುಗಿಸೋಕೆ ಪೊಟೆನ್ಷಿಯೋಮೀಟರ್. ಅಷ್ಟೇ. ಇಷ್ಟು ಸರಳ ಇರೋದ್ರಿಂದಲೇ ಇದನ್ನು ಮನೇಲಿ ಕೂತು ರಿಪೇರಿ ಮಾಡಬಹುದು ಅನ್ನೋ ಧೈರ್ಯ ನನಗೆ.

ಮೊದಲ ಕೆಲಸ ಸದ್ದು ಅಡಗಿಸೋದು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಗಪ್ಪಾಗುತ್ತೆ. ಆಮೇಲೆ ಅವನು ಹೇಳೋ ಒಂದೇ ಸಾಲಿಗೆ ಎಲ್ಲರ ಕಿವಿ. ಮಿಕ್ಸರ್‌ಗೂ ಹಾಗೇ ಸದ್ದಲೇ ಹೇಳಬೇಕು. ಉಳಿದ ಚಾನೆಲ್ ಎಲ್ಲ ಮುಚ್ಚಿ, ಎಕೋ ತೆಗೆದು, ಫ್ಯಾಂಟಮ್ ಪವರ್ ಆಫ್ ಮಾಡಿ, ಹೆಡ್‌ಫೋನ್ ಹಾಕಿದೆವು.

ಎರಡನೇದು ಅದಲು ಬದಲು. ಮೂರನೇ ಚಾನೆಲ್‌ನ ಮೈಕು, ಕೇಬಲ್ ಎರಡನ್ನೂ ನಾಲ್ಕಕ್ಕೆ ಹಾಕಿದ್ವಿ. ಅಲ್ಲಿ ಎಲ್ಲ ಸರಿ. ನಾಲ್ಕರ ಮೈಕನ್ನು ಮೂರಕ್ಕೆ ತಂದ್ರೆ ಮತ್ತೆ ಖರ್ ಖರ್. ಅಂದ್ರೆ ತಪ್ಪು ಮೈಕಿನದಲ್ಲ, ಕೇಬಲ್ಲಿನದೂ ಅಲ್ಲ. ಎಲ್ಲ ಚಾನೆಲ್‌ನಲ್ಲೂ ಒಂದೇ ತೊಂದರೆ ಇದ್ದಿದ್ರೆ ನಾಬ್ ಬಿಟ್ಟು ಪವರ್ ಸಪ್ಲೈ ಕಡೆ ಹೋಗ್ತಿದ್ದೆ. ಕೋಡ್‌ನಲ್ಲಿ ಬಗ್ ಹುಡುಕೋರಿಗೆ ಈ ದಾರಿ ಗೊತ್ತು: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಸಲ ಅನುಮಾನ ಅರ್ಧಕ್ಕೆ ಇಳೀಬೇಕು.

ಮೂರನೇದಕ್ಕೆ ಫೋನ್ ಸಾಕು. ಟೋನ್ ಜನರೇಟರ್ ಆ್ಯಪ್ ಹಾಕಿಕೊಂಡು, ಫೋನನ್ನು ಲೈನ್ ಇನ್‌ಪುಟ್‌ಗೆ ಜೋಡಿಸಿ, ವಾಲ್ಯೂಮ್ ಕಮ್ಮಿ ಇಟ್ಟು 100 ಹರ್ಟ್ಸ್ ಬಿಟ್ಟೆ. ಲೋ ನಾಬ್ ತಿರುಗಿಸಿದರೆ ಸದ್ದು ಏರಿ ಇಳೀತಿತ್ತು, ಆದ್ರೆ ತಿರುಗಿಸುವಾಗ ಕರಕರ. 10,000ಕ್ಕೆ ಹೈ ಸರಿಯಾಗಿತ್ತು. 2,500ಕ್ಕೆ ಮಿಡ್ ಆ ತುದಿಯಿಂದ ಈ ತುದಿಗೆ ತಿರುಗಿಸಿದರೂ ಏನೂ ಇಲ್ಲ. ಆದರೆ ನಾಬನ್ನು ಬೆರಳಿಂದ ಸ್ವಲ್ಪ ಓರೆಯಾಗಿ ಒತ್ತಿದಾಗ ಒಂದು ಕ್ಷಣ ಸದ್ದು ಏರಿತು. ಮಾವನ ಮುಖ ನೋಡಬೇಕಿತ್ತು. "ಉಸಿರೈತಲ್ಲೋ ಇದಕ್ಕ!"

ಅಲ್ಲಿಗೆ ಒಂದಲ್ಲ, ಎರಡು ಬೇರೆ ಬೇರೆ ರೋಗ ಅಂತ ಗೊತ್ತಾಯ್ತು. ಪ್ಲಗ್ ಕಿತ್ತು, ಒಳಗಿನ ಕೆಪಾಸಿಟರ್‌ಗಳ ಚಾರ್ಜ್ ಇಳಿಯೋಕೆ ಹೊತ್ತು ಬಿಟ್ಟು, ಆಮೇಲೆ ತಳದ ಸ್ಕ್ರೂ ಬಿಚ್ಚಿದೆವು. ಒಳಗೆ ನಮ್ಮ ನೆಲದ ಕೆಂಪು ಧೂಳು ಸಣ್ಣಗೆ ಹರಡಿತ್ತು. ಪೊಟೆನ್ಷಿಯೋಮೀಟರ್ ಒಳಗೆ ಕಾರ್ಬನ್ ಪಟ್ಟಿ ಇರುತ್ತೆ, ಅದರ ಮೇಲೆ ಒಂದು ಲೋಹದ ನಾಲಿಗೆ ಜಾರುತ್ತೆ. ನಡುವೆ ಧೂಳು ಬಂದ್ರೆ ಸಂಪರ್ಕ ಕಡಿದು ಕೂಡಿ ಆಗಿ ಕರಕರ. ಇದಕ್ಕೆ ಎಲೆಕ್ಟ್ರಾನಿಕ್ಸ್‌ಗೆ ಅಂತಲೇ ಬರೋ ಕಾಂಟ್ಯಾಕ್ಟ್ ಕ್ಲೀನರ್ ಬೇಕು. ಕೊಬ್ಬರಿ ಎಣ್ಣೆ, ಸೈಕಲ್ ಎಣ್ಣೆ ಬಿಟ್ಟರೆ ಇನ್ನಷ್ಟು ಧೂಳು ಅಂಟುತ್ತೆ. ಪೊಟೆನ್ಷಿಯೋಮೀಟರಿನ ಸಂದಿಯಲ್ಲಿ ಒಂದೆರಡು ಸಲ ಸ್ಪ್ರೇ ಮಾಡಿ, ತುದಿಯಿಂದ ತುದಿಗೆ ಇಪ್ಪತ್ತು ಮೂವತ್ತು ಸಲ ತಿರುಗಿಸಿ, ಪೂರ್ತಿ ಒಣಗೋಕೆ ಬಿಟ್ಟೆವು.

ಮಿಡ್‌ಗೆ ಭೂತಗನ್ನಡಿ ಬೇಕಾಯ್ತು. ಪೊಟೆನ್ಷಿಯೋಮೀಟರಿನ ನಡುವಿನ ಕಾಲು ಬೋರ್ಡಿಗೆ ಕೂಡೋ ಬೆಸುಗೆಯ ಸುತ್ತ ಕೂದಲೆಳೆಯಂಥ ಬಿರುಕು. ಟ್ರ್ಯಾಕ್ಸ್‌ನಲ್ಲಿ ಹೇರಿ ಇಳಿಸುವಾಗ ನಾಬಿಗೆ ಬಿದ್ದ ಪೆಟ್ಟೆಲ್ಲ ಕೊನೆಗೆ ತಲುಪೋದು ಅಲ್ಲಿಗೇ. ಮಲ್ಟಿಮೀಟರ್ ಹಿಡಿದು ನೋಡಿದರೆ ಕಾಲಿನಲ್ಲಿ ಓಮ್ ಸರಾಗವಾಗಿ ಏರಿ ಇಳೀತಿತ್ತು, ಬೋರ್ಡಿನ ಗೆರೆಗೆ ಮಾತ್ರ ಅದು ದಾಟ್ತಿರಲಿಲ್ಲ. ಮಾವನೇ ಹಳೇ ಬೆಸುಗೆ ತೆಗೆದು ಹೊಸದು ಹಾಕಿದರು. ಇಪ್ಪತ್ತು ವರ್ಷ ಕೇಬಲ್ ಬೆಸೆದ ಕೈ, ಕಣ್ಣು ಮಂಜಾಗಿದ್ದರೂ ನಡುಗಲಿಲ್ಲ. ಮತ್ತೆ 2,500 ಹರ್ಟ್ಸ್ ಬಿಟ್ಟೆ. ನಾಬ್ ತಿರುಗಿದ ಹಾಗೆ ಸದ್ದು ಏರಿತು, ಇಳೀತು. ಮಾವ ಸುಮ್ಮನೆ ಇನ್ನೂ ನಾಲ್ಕು ಸಲ ತಿರುಗಿಸಿ ನೋಡಿದರು. ಸಾಲ ಕೊಡುವವರಿಗೆ ಬೇಡ ಅಂತ ಅವತ್ತೇ ಫೋನ್ ಹೋಯ್ತು.

ಎಲ್ಲ ಸಲವೂ ಇಷ್ಟಕ್ಕೇ ಮುಗಿಯಲ್ಲ. ಕ್ಲೀನ್ ಮಾಡಿದ ಮೇಲೂ ಕರಕರ ಹೋಗದಿದ್ರೆ ಕಾರ್ಬನ್ ಪಟ್ಟಿ ಸವೆದಿರಬಹುದು, ಆಗ ಪೊಟೆನ್ಷಿಯೋಮೀಟರನ್ನೇ ಬದಲಿಸಬೇಕು. ಅಥವಾ ಕೆಪಾಸಿಟರ್ ಸೋರಿ, ಡಿಸಿ ವೋಲ್ಟೇಜ್ ನಾಬಿನವರೆಗೂ ಬಂದಿರಬಹುದು. ಅದನ್ನು ಕರೆಂಟ್ ಇದ್ದಾಗ ಅಳೆದು ನೋಡಬೇಕಾಗುತ್ತೆ, ಅದು ಬಲ್ಲ ಮೆಕ್ಯಾನಿಕ್ ಕೆಲಸ. ಇನ್ನು ಮೈಕು ಕುಂಯ್ ಅಂತ ಕೂಗೋದು ಈಕ್ಯೂ ದೋಷ ಅಲ್ಲವೇ ಅಲ್ಲ. ಸ್ಪೀಕರ್ ಬಾಕ್ಸು ಮೈಕಿನ ಹಿಂದೆ ಇದ್ರೆ ಅದನ್ನು ಮುಂದಕ್ಕೆ ತರಬೇಕು. ನಾಬ್ ತಿರುಗಿಸಿ ಕೂಗು ನಿಲ್ಲಿಸೋಕೆ ಹೋದ್ರೆ ಅದರ ಜೊತೆ ಮಾತೂ ಹೋಗುತ್ತೆ.

ಈಗ ಮಾವ ಸೀಸನ್ನಿಗೆ ಮುಂಚೆ ಎಲ್ಲ ನಾಬ್‌ಗಳನ್ನೂ ತುದಿಯಿಂದ ತುದಿಗೆ ಹತ್ತು ಸಲ ತಿರುಗಿಸ್ತಾರೆ. ನಾಟಕ ಮುಗಿದು ಮಿಕ್ಸರ್ ತಣ್ಣಗಾದ ಮೇಲೆ ಅತ್ತೆಯ ಹಳೇ ಕಾಟನ್ ಸೀರೆ ಹೊದಿಸಿ, ಸ್ಪಂಜು ಹಾಕಿದ ಪೆಟ್ಟಿಗೆಯಲ್ಲಿ ನಾಬ್ ಮೇಲೆ ಬರೋ ಹಾಗೆ ಇಡ್ತಾರೆ. ನಿಮ್ಮೂರಲ್ಲೂ ಮೈಕ್ ಸೆಟ್ಟಿನ ಅಣ್ಣನೊಬ್ಬ ಇರ್ತಾನೆ. ಹಬ್ಬಕ್ಕೆ ಊರಿಗೆ ಹೋದಾಗ ಅವನ ಮಿಕ್ಸರ್ ಖರ್ ಅಂದ್ರೆ, ಹೊಸದರ ರೇಟು ಫೋನಲ್ಲಿ ತೋರಿಸೋಕೆ ಮೊದಲು ಒಂದು ಸಂಜೆ ಅವನ ಜೊತೆ ಕೂತು ನೋಡಿ. ಒಂದು ಡಬ್ಬಿ ಕ್ಲೀನರ್, ಒಂದು ಮಲ್ಟಿಮೀಟರ್, ನಿಮ್ಮ ಫೋನು. ಇಷ್ಟಿದ್ರೆ ಕೆಲಸ ಶುರು ಮಾಡಬಹುದು.